ಹೈಲೈಟ್ ನೋಡಿದ್ರ ಮದ್ವಿಗೆ ಹೋದಂಗ ಆಗ್ತೈತೇನು? ಅನಿಮೆ ರೀಕ್ಯಾಪ್ ಸಿನಿಮಾ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಅಣ್ಣಾರ, ನಾ ಜಮಖಂಡಿಯಾಕಿ, ಬಿಕಾಂ ಎರಡನೇ ವರ್ಷ, ಬಾಗಲಕೋಟ್ಯಾಗ ಹಾಸ್ಟೆಲ್‌ನ್ಯಾಗ ಇರ್ತೀನಿ. ರೂಮಿನ್ಯಾಗ ಎಲ್ಲಾರೂ ಅಟ್ಯಾಕ್ ಆನ್ ಟೈಟನ್ ಅನ್ನೂ ಅನಿಮೆ, ಅಂದ್ರ ಜಪಾನಿನ ಕಾರ್ಟೂನ್ ಸೀರೀಸ್, ನೋಡಿ ಮುಗಿಸ್ಯಾರ, ನಾ ಒಬ್ಬಾಕಿನ ಬಾಕಿ. ಇನ್ನ ಮೂರು ವಾರಕ್ಕ ಪರೀಕ್ಷಾ. ರೂಮ್‌ಮೇಟ್ ಒಬ್ಬಾಕಿ ನಾಕು ಸಿನಿಮಾದ ಲಿಸ್ಟ್ ಕೊಟ್ಟಾಳ, ಇವನ್ನ ನೋಡಿದ್ರ 59 ಎಪಿಸೋಡ್ ಮುಗದಂಗ, ಸೀದಾ ಫೈನಲ್ ಸೀಸನ್‌ಗೆ ಬಾ ಅಂತಾಳ. ಇನ್ನೊಬ್ಬಾಕಿ ಹಿಂಗ ಹಳೇ ಎಪಿಸೋಡ್ ಕತ್ತರಿಸಿ ಕೂಡ್ಸಿದ ರೀಕ್ಯಾಪ್ ಸಿನಿಮಾ ಅಂದ್ರ ಬರೇ ರೊಕ್ಕಾ ಹೊಡಿಯೋ ಧಂದೆ, ಮುಟ್ಟಬ್ಯಾಡ ಅಂತಾಳ. ಯಾರ ಮಾತು ಕೇಳ್ಲಿ? ಇನ್ನೊಂದು, ನನ್ನ ತಮ್ಮ ಒಂಬತ್ತನೇ ಕ್ಲಾಸ್. ಗೆಳ್ಯಾರ ಜೋಡಿ ಡೀಮನ್ ಸ್ಲೇಯರ್ ಅನ್ನೂ ಅನಿಮೆದ ಇನ್ಫಿನಿಟಿ ಕ್ಯಾಸಲ್ ಸಿನಿಮಾಕ್ಕ ಹೋಗಿದ್ದ, ಸೀರೀಸ್ ನೋಡಿರಲಿಲ್ಲ, ಏನೂ ತಿಳೀಲಿಲ್ಲ ಅಂತ ಮಾರಿ ಸಣ್ಣದು ಮಾಡ್ಕೊಂಡು ಬಂದ. ಅಂವಗ ಮೊದ್ಲ ರೀಕ್ಯಾಪ್ ತೋರಿಸಬೇಕಿತ್ತೇನು? ಅದರದ ಇನ್ನೊಂದು ಸಿನಿಮಾ ಮುಗೆನ್ ಟ್ರೇನ್ ರೀಕ್ಯಾಪ್ ಅಂತ ಒಬ್ರು ಅಂತಾರ, ಅಲ್ಲ ಅಂತ ಒಬ್ರು. ಹೆಸರು ಹಾಕಬ್ಯಾಡ್ರಿ.

ಉತ್ತರ: ತಂಗಿ, ನೀ ಕೇಳಿದ್ದು ಮೂರು ಪ್ರಶ್ನೆ ಇದ್ರೂ ಒಳಗಿನ ಅಂಜಿಕಿ ಒಂದ ಐತಿ ಅನ್ನಸ್ತು. ಟೈಮ್ ಉಳೀತೈತಿ ಅಂತ ಸಿನಿಮಾ ನೋಡಿ, ಆಮ್ಯಾಲ ಅಯ್ಯೋ ಪೂರ್ತಿ ಸೀರೀಸ್ ನೋಡಬೇಕಿತ್ತು ಅಂತ ಅನ್ನಿಸಿದ್ರ ಏನ್ ಮಾಡೂದು ಅಂತ. ಗುಟ್ಟು ಒಮ್ಮೆ ತಿಳೀತಂದ್ರ ತಿಳೀತು, ಮತ್ತ ವಾಪಸ್ ಮರಿಯಾಕ ಬರಂಗಿಲ್ಲ. ಹಂಗಾಗಿ ನಿನ್ನ ಅಂಜಿಕಿ ಸುಳ್ಳಲ್ಲ.

ನಾ ಅನಿಮೆ ಪಂಡಿತ ಅಲ್ಲ, ಮೊದ್ಲ ಹೇಳಿಬಿಡ್ತೀನಿ. ಬೆಳಗಾವಿ ಟಿಳಕವಾಡಿಯೊಳಗ ಒಂದು ಸಣ್ಣ ಖೋಲ್ಯಾಗ ಕುಂತು ಹದಿನೇಳು ವರ್ಷ ಆತು ವಿಡಿಯೋ ಎಡಿಟಿಂಗ್ ಮಾಡಾಕತ್ತು, ಮದ್ವಿ, ಕುಬಸ, ಕಾಲೇಜಿನ ಗ್ಯಾದರಿಂಗ್, ನಡುವ ನಾಕಾರು ಶಾರ್ಟ್ ಫಿಲ್ಮ್. ಆರು ತಾಸಿನದನ್ನ ಇಪ್ಪತ್ತು ನಿಮಿಷಕ್ಕ ಇಳಸೂದು ನನ್ನ ಹೊಟ್ಟಿಪಾಡು. ಅನಿಮೆ ನೋಡೂದು ಚಟ. ರೀಕ್ಯಾಪ್ ಸಿನಿಮಾ ಅಂದ್ರ ಇವೆರಡೂ ಒಂದ ಕಡೆ ಕೂಡೂ ಜಾಗಾ, ಅದಕ್ಕ ಉತ್ತರ ಉದ್ದ ಆಗ್ತೈತಿ, ತಡ್ಕೋ.

ಒಂದು ಮದ್ವಿ ಹೇಳ್ತೀನಿ. ಗೋಕಾಕ ಕಡೆ ಮದ್ವಿ, ಪೂರ್ತಿ ವಿಡಿಯೋ ಐದು ತಾಸಿಗಿಂತ ಜಾಸ್ತಿ, ಹೈಲೈಟ್ 18 ನಿಮಿಷ ಮಾಡಿ ಕೊಟ್ಟೆ. ಕಡೀಗೆ ಹುಡುಗಿ ಕಳಸೂ ಹೊತ್ತು, ಕಾರಿನ್ಯಾಗ ಕುಂತು ಅಳಾಕತ್ತಾಳ, ಅವ್ವ ಅಳಾಕತ್ತಾಳ, ನಾ ಹಿಂದ ಒಂದು ಶಹನಾಯಿ ಹಾಕೀನಿ, ಅಷ್ಟರಾಗ ತಮ್ಮ ಬಂದು ಕಾರಿನ ಕಿಡಕಿ ಒಳಗಿಂದ ಒಂದು ಚಪ್ಪಲ್ ಕೈಯಾಗ ಇಡ್ತಾನ, ಒಂದ ಒಂದು, ಹುಡುಗಿ ಅಳಾಕತ್ತಾಕಿ ಖಿಲ್ ಅಂತ ನಗ್ತಾಳ. ಭಾಳ ಚಂದ ಶಾಟ್, ಅದಕ್ಕ ಇಟ್ಟೆ. ಎಂಟು ದಿನ ಬಿಟ್ಟು ಬೀಗರ ಕಡೆಯಿಂದ ಫೋನ್, ಹುಡುಗಿ ಯಾಕ ನಕ್ಕಳು ಅಂತ ಪುಣೆದಾಗಿನ ಮಂದಿ ಕೇಳಾಕತ್ತಾರ್ರೀ ಅಂತ. ಏನಾಗಿತ್ತಂದ್ರ ಮುಂಜಾನೆ ಸುರಗಿ ನೀರು ಹಾಕೂ ಮುಂದ ನಾಯಿ ಆಕಿ ಒಂದು ಚಪ್ಪಲ್ ಕಚ್ಕೊಂಡು ಓಡಿತ್ತು, ತಮ್ಮ ಅದರ ಹಿಂದ ಬೆನ್ನ ಹತ್ತಿ ಗಟಾರದಾಗ ಬಿದ್ದಿದ್ದ. 40 ಸೆಕೆಂಡಿನ ಫೂಟೇಜ್. ವೇಸ್ಟ್ ಅಂತ ನಾನ ಕತ್ತರಿಸಿದ್ದೆ.

ಮದ್ವಿಗೆ ಬಂದವ್ರಿಗೆ ಆ 18 ನಿಮಿಷ ನೋಡಿದ್ರ ಕಣ್ಣಾಗ ನೀರು ಬರ್ತಾವ, ಯಾಕಂದ್ರ ನಾಯಿ ಅವ್ರ ತಲಿಯಾಗ ಐತಿ. ಬರಲಾರದವ್ರಿಗೆ ಒಬ್ಬಾಕಿ ಸುಮ್ ಸುಮ್ಮನ ನಕ್ಕಂಗ ಕಾಣ್ತೈತಿ. ರೀಕ್ಯಾಪ್ ಸಿನಿಮಾದ ಗದ್ದಲ ಎಲ್ಲಾ ಇದ. ಎಡಿಟರ್ ಕಥಿ ಉಳಸ್ತಾನ, ನಾಯಿ ಹೋಗಿಬಿಡ್ತೈತಿ.

ಈಗ ಲೆಕ್ಕಾ. ಇದನ್ನ ಯಾರೂ ಮಾಡಂಗಿಲ್ಲ, ಆದ್ರ ಅರ್ಧಾ ಜಗಳ ಇದ್ರಾಗ ಮುಗೀತೈತಿ. ಟಿವಿ ಅನಿಮೆ ಒಂದು ಎಪಿಸೋಡ್ ಅಂದ್ರ 24 ನಿಮಿಷದ ಆಸುಪಾಸು. ಶುರುವಿನ ಹಾಡು ಒಂದೂವರೆ ನಿಮಿಷ, ಕಡೀ ಹಾಡು ಒಂದೂವರೆ ನಿಮಿಷ, ಮುಂದಿನ ವಾರ ಏನು ಅನ್ನೂದು ಇನ್ನಷ್ಟು, ಎಲ್ಲಾ ತಗದ್ರ ಕಥಿ 20-21 ನಿಮಿಷ ಉಳೀತೈತಿ. 12 ಎಪಿಸೋಡ್ ಅಂದ್ರ ನಾಕು ತಾಸಿಗೆ ಸ್ವಲ್ಪ ಮ್ಯಾಲ. ಹಂಗಾಗಿ 12 ಎಪಿಸೋಡಿಗೆ ಎರಡು ಸಿನಿಮಾ ಮಾಡ್ಯಾರ ಅಂದ್ರ ಹೆಚ್ಚು ಕಮ್ಮಿ ಏನೂ ಕತ್ತರಿಸಿಲ್ಲ ಅಂತ ತಿಳ್ಕೋ, ಒಂದ ಸಿನಿಮಾ ಮಾಡ್ಯಾರ ಅಂದ್ರ ಅರ್ಧಾ ಹೋತು. ಮಡೋಕಾ ಮ್ಯಾಜಿಕಾ ನೋಡು, 2011ರ ಸೀರೀಸ್, 12 ಎಪಿಸೋಡ್, 2012ರಾಗ ಎರಡು ಸಿನಿಮಾ ಬಂದ್ವು, ಎರಡೂ ಸೇರಿ ಸುಮಾರು ನಾಕು ತಾಸು. ದನಿ ಹೊಸದಾಗಿ ರೆಕಾರ್ಡ್ ಮಾಡ್ಯಾರ, ಚಿತ್ರ ತಿದ್ದ್ಯಾರ, ಅದನ್ನ ಒಬ್ರು ಮೊದಲ ಸಲ ನೋಡಿದ್ರೂ ನಾ ತಪ್ಪು ಅನ್ನಂಗಿಲ್ಲ. 2013ರಾಗ ಬಂದ ಮೂರನೇ ಸಿನಿಮಾ ಮಾತ್ರ ಪೂರಾ ಹೊಸ ಕಥಿ, ಅದನ್ನ ರೀಕ್ಯಾಪ್ ಅಂತ ಬಿಟ್ಟೀ ಮತ್ತ. ಮೇಡ್ ಇನ್ ಅಬಿಸ್‌ದೂ ಹಿಂಗ, ಮೊದಲ ಎರಡು ಸಿನಿಮಾ ಹಳೇ 13 ಎಪಿಸೋಡಿನವು, 2020ರ ಮೂರನೇದು ಹೊಸದು, ಅದನ್ನ ನೋಡಲಾರದ ಎರಡನೇ ಸೀಸನ್ ಹಚ್ಚಿದ್ರ ಯಾರು ಎಲ್ಲಿಂದ ಬಂದ್ರು ಅಂತ ತಿಳೀದಿಲ್ಲ.

ನಿನ್ನ ಎರಡನೇ ಗೆಳತಿ ಹೇಳಿದ್ದು, ರೊಕ್ಕಾ ಹೊಡಿಯೋ ಧಂದೆ ಅನ್ನೂದು. ಅರ್ಧಾ ಖರೆ. ಚಿತ್ರ ಬರದದ್ದಾಗೈತಿ, ದನಿ ಐತಿ, ಮ್ಯೂಸಿಕ್ ಐತಿ, ಹೊಸ ಸಿನಿಮಾಕ್ಕ ಆಗೂ ಖರ್ಚಿನಾಗ ಸಣ್ಣ ಪಾಲು ಹಾಕಿದ್ರ ಥಿಯೇಟರಿಗೆ ಒಂದು ಸಿನಿಮಾ ತಯಾರ್. ಜಪಾನಿನ್ಯಾಗ ಅನಿಮೆಗೆ ರೊಕ್ಕಾ ಹಾಕೂದು ಒಂದು ಕಮಿಟಿ, ಪುಸ್ತಕ ಛಾಪಿಸೋರು, ಹಾಡಿನ ಕಂಪನಿ, ಟಿವಿಯವ್ರು ಎಲ್ಲಾ ಕೂಡಿ, ಅವ್ರಿಗೆ ಎರಡು ಸೀಸನ್ ನಡುವ ಮಂದಿ ಮರೀಬಾರದು ಅನ್ನೂದು ಚಿಂತಿ. ಅಟ್ಯಾಕ್ ಆನ್ ಟೈಟನ್‌ದ ತಾರೀಖು ನೋಡಿದ್ರ ತಿಳೀತೈತಿ, ಮೊದಲ ಸೀಸನ್ 2013, ಎರಡನೇದು 2017, ನಡುವ ನಾಕು ವರ್ಷ ಖಾಲಿ, ಆ ಖಾಲಿಯೊಳಗ 2014ಕ್ಕೊಂದು 2015ಕ್ಕೊಂದು ರೀಕ್ಯಾಪ್. ಇದು ವ್ಯಾಪಾರ ಅಲ್ಲ ಅಂತ ನಾ ಹ್ಯಾಂಗ ಅನ್ಲಿ.

ಆದ್ರ ಉಳದ ಅರ್ಧಾ ಹಂಗಿಲ್ಲ. ಈ ರೀಕ್ಯಾಪ್ ಸಿನಿಮಾ ದೊಡ್ಡದಾಗಿ ಶುರು ಆದಾಗ ಮನ್ಯಾಗ ವಿಡಿಯೋ ಕ್ಯಾಸೆಟ್ ಅನ್ನೂದ ಭಾಳ ಮಂದಿಗೆ ಇರಲಿಲ್ಲ. ಟಿವಿಯೊಳಗ ಒಮ್ಮೆ ತಪ್ಪಿತಂದ್ರ ತಪ್ಪಿತು. ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ 1974ರಾಗ ಟಿವಿಗೆ ಬಂತು, ಅದ ಹೊತ್ತಿಗೆ ಇನ್ನೊಂದು ಚಾನೆಲ್‌ನ್ಯಾಗ ಹೈಡಿ ಬರ್ತಿತ್ತು, ಎಲ್ಲಾರೂ ಅದನ್ನ ನೋಡಿದ್ರು, ಯಮಾಟೊ 26 ಎಪಿಸೋಡಿಗೆ ಮುಗೀತು. 1977ರಾಗ ಅದನ್ನ ಕತ್ತರಿಸಿ ಒಂದು ಸಿನಿಮಾ ಮಾಡಿ ಬಿಟ್ರು, ಥಿಯೇಟರ್ ಮುಂದ ಪಾಳಿ ಹಚ್ಚಿ ನಿಂತ್ರು ಹುಡುಗ್ರು. ರೋಬೋಟ್ ಯುದ್ಧದ ಅನಿಮೆ ಗುಂಡಮ್‌ದೂ ಹಂಗ. 1979ರ ಸೀರೀಸ್, ರೇಟಿಂಗ್ ಬರಲಿಲ್ಲ ಅಂತ 52 ಎಪಿಸೋಡ್ ಆಗೂದನ್ನ 43ಕ್ಕ ನಿಲ್ಲಿಸಿದ್ರು, ಆಮ್ಯಾಲ 1981-82ರಾಗ ಮೂರು ಸಿನಿಮಾ. ಡೈರೆಕ್ಟರ್ ಟೊಮಿನೊ, ಆಟಿಕಿ ಸಾಮಾನು ಮಾರೂ ಸಲುವಾಗಿ ಸೇರಿಸಿದ್ದ ಕೆಲವು ಮಶೀನ್ ತಗದ ಬಿಟ್ರು, ಸರಪಳಿ ಕಟ್ಟಿದ ಸುತ್ತಗಿ ಹಂತಾವು, ಮತ್ತ ಮೂರನೇ ಸಿನಿಮಾಕ್ಕ ಭಾಳಷ್ಟು ಹೊಸ ಚಿತ್ರ ಬರದ್ರು, ಯಾಕಂದ್ರ ಟಿವಿ ಹೊತ್ತಿನ್ಯಾಗ ಮುಖ್ಯ ಚಿತ್ರಕಾರ ಯಸುಹಿಕೊ ಜಡ್ಡಿಗೆ ಬಿದ್ದು ದವಾಖಾನಿ ಸೇರಿದ್ರು, ಕಡೀ ಎಪಿಸೋಡಿನ ಚಿತ್ರ ಸೊರಗಿದ್ವು. 15 ತಾಸಿನ ಸೀರೀಸ್ 7 ತಾಸಿನ ಸಿನಿಮಾ ಆತು. ಕತ್ತರಿ ಹಾಕಿದ್ದಕ್ಕ ಚಂದ ಆದದ್ದು ಅಂದ್ರ ಇದು. ನನ್ನ ಕೇಳಿದ್ರ ಹೊಸಬ್ರಿಗೆ ನಾ ಗುಂಡಮ್ ಸೀರೀಸಿಗಿಂತ ಸಿನಿಮಾನ ಮೊದ್ಲ ಕೊಡ್ತೀನಿ, ಇದಕ್ಕ ನನ್ನ ಜೋಡಿ ಜಗಳಾ ತಗಿಯೋ ಮಂದಿ ಅದಾರ, ತಗೀಲಿ.

ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಬೆಳ್ಳಬೆಳತನಕ ಆಡ್ತಿದ್ರಲ್ಲ, ಈಗ ಉತ್ಸವದ ಸ್ಟೇಜಿಗೆ ಎರಡು ತಾಸಿನ್ಯಾಗ ಮುಗಸ್ರಿ ಅಂತಾರ. ಹೂವಿನ ಸಲುವಾಗಿ ಸತ್ಯಭಾಮಾ ಸಿಟ್ಟಾಗೂದು ಎರಡು ತಾಸಿನ್ಯಾಗ ಬರ್ತೈತಿ, ಭಾಗವತ ಮತ್ತ ದೂತಿ ಕಾಲ ಎಳಿಯೋ ಮಾತು ಬರಂಗಿಲ್ಲ, ನಮ್ಮ ಅಜ್ಜ ರಾತ್ರಿ ಕಂಬಳಿ ಹೊತ್ಕೊಂಡು ಹೋಗ್ತಿದ್ದದ್ದು ಆ ಮಾತು ಕೇಳಾಕ. ಮೊನ್ನೆ ಬಾಹುಬಲಿ ಎರಡೂ ಭಾಗ ಕೂಡ್ಸಿ 2025ರಾಗ ಬಿಟ್ರಲ್ಲ, ಐದೂವರೆ ತಾಸಿಂದು ಮೂರೂ ಮುಕ್ಕಾಲು ತಾಸು, ಅದೂ ರೀಕ್ಯಾಪ್ ಸಿನಿಮಾನ. ಥಿಯೇಟರ್‌ನ್ಯಾಗ ಎಷ್ಟು ಮಂದಿ ಮೊದಲ ಸಲ ನೋಡಾಕ ಬಂದಿದ್ರು ಹೇಳು? ಎಲ್ಲಾರಿಗೂ ಕಟ್ಟಪ್ಪಂದು ಗೊತ್ತಿತ್ತು.

ಇನ್ನ ಹೊಸಬ್ರು ದೂರ ಇರಬೇಕಾದವು ಅದಾವ. ಇವ್ಯಾಂಜೆಲಿಯನ್‌ದು 1997ರ ಡೆತ್ ಅಂಡ್ ರೀಬರ್ತ್, 24 ಎಪಿಸೋಡನ್ನ ಒಂದು ತಾಸಿನ ಆಸುಪಾಸಿಗೆ ಇಳಿಸಿ, ಅದೂ ಹಿಂದು ಮುಂದು ಮಾಡಿ, ನಡುವ ಹುಡುಗ್ರು ಪಿಟೀಲು ಪ್ರಾಕ್ಟೀಸ್ ಮಾಡೂದು ಸೇರಿಸ್ಯಾರ. ಸೀರೀಸ್ ನೋಡಿದವ್ರಿಗೆ ಅದು ಒಂಥರಾ ಕವಿತಾ, ನೋಡಲಾರದವ್ರಿಗೆ ತಲಿಬ್ಯಾನಿ. ಎರಡನೇ ಅರ್ಧಾ ಹೊಸ ಕಥಿ ಅಂದ್ರು, ಅದು ಟೈಮಿಗೆ ಮುಗೀಲಿಲ್ಲ, ಅರ್ಧಾಕ್ಕ ನಿಂತು ಬಿಡ್ತು, ಪೂರ್ತಿ ಮಾಡಿದ್ದು ಅದ ವರ್ಷ ಜುಲೈದಾಗ ಬ್ಯಾರೆ ಸಿನಿಮಾ ಆಗಿ ಬಂತು. ಕೋಡ್ ಗಿಯಾಸ್‌ದು ಇನ್ನೊಂದು ನಮೂನಿ ಮೋಸ, ಮೋಸ ಅನ್ನಬಾರದೇನೊ, 50 ಎಪಿಸೋಡಿಗೆ ಮೂರು ಸಿನಿಮಾ ಮಾಡಿ ಕಥಿನ ಬದಲಿ ಮಾಡ್ಯಾರ, ಸೀರೀಸ್‌ನ್ಯಾಗ ಸಾಯೋ ಒಬ್ರು ಸಿನಿಮಾದಾಗ ಬದಕ್ತಾರ, 2019ರ ಸಿನಿಮಾ ಈ ಬದಲಿ ಆದ ಕಥಿ ಹಿಡ್ಕೊಂಡು ಮುಂದ ಹೋಗ್ತೈತಿ. ಸೀರೀಸ್ ಅಷ್ಟ ನೋಡಿ ಅದನ್ನ ಹಚ್ಚಿದವ್ರು ಇವರ್ಯಾಕ ಇಲ್ಲಿ ಅಂತ ತಲಿ ಕೆರ್ಕೋತಾರ.

ಈಗ ನಿನ್ನ ಲಿಸ್ಟಿಗೆ ಬರೂಣು. ನಾಕು ಸಿನಿಮಾ ಅಂದ್ರ ಕ್ರಿಮ್ಸನ್ ಬೋ ಅಂಡ್ ಆರೋ, ವಿಂಗ್ಸ್ ಆಫ್ ಫ್ರೀಡಮ್, ರೋರ್ ಆಫ್ ಅವೇಕನಿಂಗ್, ಕ್ರಾನಿಕಲ್, ಇವ ಇರ್ಬೇಕು. ಮೊದಲ ಎರಡು ಸೇರಿ ಮೊದಲ ಸೀಸನ್ 25 ಎಪಿಸೋಡ್, ಅಂದ್ರ ಎಂಟೂ ಮುಕ್ಕಾಲು ತಾಸು ನಾಕು ತಾಸಾಗೈತಿ. ಮೂರನೇದು ಎರಡನೇ ಸೀಸನ್ 12 ಎಪಿಸೋಡ್, ನಾಕು ತಾಸು ಎರಡಾಗೈತಿ. ಇಲ್ಲಿ ತನಕ ಅರ್ಧಾ ಅರ್ಧಾ, ಸಹಿಸ್ಕೋಬಹುದು. ನಾಕನೇದು ಕ್ರಾನಿಕಲ್, 2020ರಾಗ ಫೈನಲ್ ಸೀಸನ್ ಬರೂಕಿಂತ ಮೊದ್ಲ ಬಂತು, ಅದು ಮೂರನೇ ಸೀಸನ್‌ದು ಅಂತ ನಿನ್ನ ರೂಮ್‌ಮೇಟ್ ತಿಳ್ಕೊಂಡಿರ್ಬೇಕು. ಅಲ್ಲ ತಂಗಿ. ಅದು ಮೂರೂ ಸೀಸನ್, 59 ಎಪಿಸೋಡ್, 20 ತಾಸಿಗಿಂತ ಜಾಸ್ತಿ ಇರೂದನ್ನ ಎರಡು ತಾಸಿಗೆ ಹಿಂಡಿದ್ದು. ಹತ್ತರಾಗ ಒಂದು ಪಾಲು. ಮೂರನೇ ಸೀಸನ್ 22 ಎಪಿಸೋಡಿಗೆ ಅಂತ ಬ್ಯಾರೆ ಸಿನಿಮಾನ ಇಲ್ಲ, ಆ ಎರಡು ತಾಸಿನ್ಯಾಗ ಅದರ ಪಾಲಿಗೆ ಬಂದಷ್ಟ.

ಮತ್ತ ಈ ಕಥಿದ ಕೀಲಿ ಇರೂದ ಮೂರನೇ ಸೀಸನ್‌ನ್ಯಾಗ. ಮೊದಲ ಎಪಿಸೋಡಿಂದ ಎಲ್ಲಾರೂ ಒಂದು ನೆಲಮಾಳಗಿ ಬಗ್ಗೆ ಮಾತಾಡ್ತಿರ್ತಾರ, ಅಲ್ಲಿ ಏನೈತಿ ಅನ್ನೂದು ಅಲ್ಲಿ ತಿಳೀತೈತಿ, ತಿಳದ ಮ್ಯಾಲ ಹಿಂದ ನೋಡಿದ್ದೆಲ್ಲಾ ತಿರುಗಾ ಮುರುಗಾ ಆಗ್ತೈತಿ. ಇದಕ್ಕಿಂತ ಜಾಸ್ತಿ ಹೇಳಂಗಿಲ್ಲ. ಅಲ್ಲಿ ತನಕ ನೀ ಆ ಹುಡುಗ್ರ ಜೋಡಿ ಕುಂತು, ಉಂಡು, ಬೈಸ್ಕೊಂಡು ಬಂದಿದ್ರ ಅದು ಎದಿಗೆ ಬಡೀತೈತಿ. ಮೊದಲ ಸೀಸನ್‌ನ್ಯಾಗ ಟ್ರೇನಿಂಗ್ ಮೊದಲ ದಿನ ಎಲ್ಲಾರೂ ಸಾಲಾಗಿ ನಿಂತಿರ್ತಾರ, ಸಾಹೇಬ ಒಬ್ಬೊಬ್ಬರಿಗೂ ಒದರಾಕತ್ತಿರ್ತಾನ, ಒಂದು ಹುಡುಗಿ ಕುದಿಸಿದ ಆಲೂಗಡ್ಡಿ ತಿನ್ಕೋತ ನಿಂತಿರ್ತಾಳ. ಸಾಹೇಬ ಮುಂದ ಬಂದು ನಿಂತ್ರೂ ತಿನ್ನೂದು ಬಿಡಂಗಿಲ್ಲ, ಕಡೀಗೆ ಒಂದು ತುಂಡು ಮುರದು ಅಂವಗ ಕೊಡ್ತಾಳ, ಅದೂ ಸಣ್ಣ ಭಾಗ. ಕಥಿ ಲೆಕ್ಕದಾಗ ಇದು ಬೇಕಾಗೇ ಇಲ್ಲ. ನನಗ ಯಾರರೆ ಇಷ್ಟ ನಿಮಿಷಕ್ಕ ಇಳಸು ಅಂದ್ರ ಕೈ ಮೊದ್ಲ ಹೋಗೂದ ಇಂತಾ ಜಾಗಾಕ್ಕ. ಆದ್ರ ಮುಂದ ಆ ಹುಡುಗಿ ಮಾರಿ ಕಂಡಾಗೆಲ್ಲಾ ನಮಗ ನೆನಪಾಗೂದು ಆ ಆಲೂಗಡ್ಡಿ. ನಮ್ಮ ಗೋಕಾಕದ ಚಪ್ಪಲ್.

ಹಂಗಾದ್ರ ನೀ ಏನ್ ಮಾಡ್ಬೇಕು. ಪೂರ್ತಿ ಸೀರೀಸ್ ನೋಡಿದ್ರ 59 ಎಪಿಸೋಡ್, ಹಾಡು ದಾಟಿಸಿದ್ರ ದಿನಕ್ಕ ಮೂರರಂಗ ಒಂದೊಂದು ತಾಸು, 20 ದಿನ, ಅಂದ್ರ ನಿನ್ನ ಪರೀಕ್ಷಾ ದಿನಕ್ಕ ಬಂದು ನಿಲ್ತೈತಿ. ಇದರಾಗಿನ ಅಪಾಯ ಕಥೀದಲ್ಲ, ದಿನಕ್ಕ ಮೂರ ನೋಡ್ತೀನಿ ಅಂದವ್ರು ಯಾರೂ ಮೂರಕ್ಕ ನಿಂತಿದ್ದು ನಾ ನೋಡಿಲ್ಲ. ಇನ್ನೊಂದು ದಾರಿ, ಮೊದಲ ಮೂರು ಸಿನಿಮಾ ನೋಡಿ ಆರು ತಾಸಿನ್ಯಾಗ ಎರಡು ಸೀಸನ್ ದಾಟಿಸಿ ಮೂರನೇ ಸೀಸನ್‌ನಿಂದ ಎಪಿಸೋಡ್ ಹಿಡಿಯೂದು. ನಡೀತೈತಿ. ಮಂದಿ ಹೆಸರು, ಮಾರಿ ಗುರುತು ಹಿಡಿಯೋದ್ರಾಗ ತ್ರಾಸ ಆಗ್ತೈತಿ, ಯಾರರೆ ಸತ್ರ ಇವ್ರ್ಯಾರು ಅಂತ ರೂಮ್‌ಮೇಟಿಗೆ ಕೇಳಬೇಕಾಗ್ತೈತಿ, ಆಕಿ ಉತ್ತರದ ಜೋಡಿ ಮುಂದಿನ ಗುಟ್ಟೂ ಹೇಳಿಬಿಡ್ತಾಳ, ಅದು ಖರೇ ಅಪಾಯ. ಕ್ರಾನಿಕಲ್ ಒಂದ ನೋಡಿ ಫೈನಲ್ ಸೀಸನ್‌ಗೆ ಜಿಗಿಯೋದು ಮಾತ್ರ ಬ್ಯಾಡವ್ವಾ. ಫೈನಲ್ ಸೀಸನ್ ಶುರು ಆಗೂದ ಹೊಸ ಊರು, ಹೊಸ ಮಂದಿಯಿಂದ, ಸೀರೀಸ್ ಪೂರ್ತಿ ನೋಡಿದವ್ರ ನಾನು ತಪ್ಪು ಫೈಲ್ ಹಚ್ಚೀನೇನು ಅಂತ ಹಿಂದ ಹೋಗಿ ನೋಡಿದ್ರು.

ನನ್ನ ತಂಗಿ ಇದ್ರ ನಾ ಹೇಳ್ತಿದ್ದದ್ದು ಇಷ್ಟ, ಪರೀಕ್ಷಾ ಮುಗೀಲಿ, ಆಮ್ಯಾಲ ಸೀರೀಸ್ ಹಚ್ಚು. ಅವ್ರು ನಿನಗಿಂತ ಮೊದ್ಲ ನೋಡ್ಯಾರ ಅಂದ್ರ ಏನಾತು, ಟೈಟನ್‌ಗೋಳು ಎಲ್ಲಿ ಓಡಿ ಹೋಗಂಗಿಲ್ಲ. ಕ್ರಾನಿಕಲ್ ಬ್ಯಾರೆ ಕಡೆ ಉಪಯೋಗ ಆಗ್ತೈತಿ, ಮೂರು ಸೀಸನ್ ನೋಡಿ ನಡುವ ಇಂಟರ್ನ್‌ಶಿಪ್ ಅದು ಇದು ಅಂತ ಆರು ತಿಂಗಳು ಗ್ಯಾಪ್ ಬಿತ್ತು ಅಂದ್ರ ಆಗ ಒಂದು ರಾತ್ರಿ ಅದನ್ನ ನೋಡಿ ಮುಂದ ಹೋಗು, ಅದು ಅದಕ್ಕ ಮಾಡಿದ್ದು. ಇನ್ನ 2024ರಾಗ ಬಂದ ದಿ ಲಾಸ್ಟ್ ಅಟ್ಯಾಕ್ ಅಂತ ಒಂದೈತಿ, ಅದು ಕಡೀ ಎರಡು ಉದ್ದನ್ನ ಎಪಿಸೋಡ್ ಕೂಡ್ಸಿ 145 ನಿಮಿಷ ಮಾಡಿದ್ದು, ಅಲ್ಲಿ ಕತ್ತರಿ ಹೆಚ್ಚು ಆಡಿಲ್ಲ, ಸೌಂಡ್ ತಿದ್ದ್ಯಾರ. ಮೊದಲ ಸಲ ನೋಡವ್ರಿಗೆ ಅಲ್ಲ, ಮುಗಿಸಿದವ್ರಿಗೆ ದೊಡ್ಡ ಪರದೆ ಮ್ಯಾಲ ಸಿಕ್ರ ಬಿಡಬಾರದು. ಶಕ್ತಿ ಯೋಜನೆಯೊಳಗ ಬಸ್ ಅಂತೂ ನಿನಗ ಪುಕ್ಕಟ, ಟಿಕೆಟಿಗೆ ಅಷ್ಟ ರೊಕ್ಕಾ.

ಟಿಕೆಟ್ ಅಂದ ಕೂಡ್ಲೆ ಒಂದು ಮಾತು. ಇತ್ತೀಚಿಗೆ ಥಿಯೇಟರಿಗೆ ಬರೋ ಒಂದು ಜಾತಿ ಐತಿ, ಹಳೇ ಸೀಸನ್‌ದು ಒಂದು ತಾಸು ಮತ್ತ ಮುಂದಿನ ಸೀಸನ್‌ದು ಒಂದೆರಡು ಹೊಸ ಎಪಿಸೋಡ್ ಮುಂಗಡ. ಸೋಲೋ ಲೆವೆಲಿಂಗ್ ರೀಅವೇಕನಿಂಗ್, ಜುಜುತ್ಸು ಕೈಸೆನ್ ಎಕ್ಸಿಕ್ಯೂಷನ್, ಡೀಮನ್ ಸ್ಲೇಯರ್‌ದು ಸ್ವೋರ್ಡ್‌ಸ್ಮಿತ್ ವಿಲೇಜ್‌ಗೆ, ಹಶಿರಾ ಟ್ರೇನಿಂಗ್‌ಗೆ ಅಂತ ಬಂದವು, ಎಲ್ಲಾ ಇದ ಜಾತಿ. ಪೋಸ್ಟರ್ ನೋಡಿದ್ರ ಹೊಸ ಸಿನಿಮಾ ಅನ್ನಸ್ತೈತಿ. ಜಪಾನಿನ್ಯಾಗ ಥಿಯೇಟರಿಗೆ ಬಂದದ್ದಕ್ಕೆಲ್ಲಾ ಗೆಕಿಜೋಬಾನ್ ಅಂದಬಿಡ್ತಾರ, ಹೊಸದಿರಲಿ ಹಳೇದಿರಲಿ, ಅದನ್ನ ನೋಡಿ ತಿಳ್ಕೊಳ್ಳಾಕ ಬರಂಗಿಲ್ಲ. ಸೋಶೂಹೆನ್ ಅಂತ ಬರದಿದ್ರ ಅದು ಖಾತ್ರಿ ರೀಕ್ಯಾಪ್. ಕೆಲವು ವಾರ ತಡ್ಕೊಂಡ್ರ ಆ ಹೊಸ ಎಪಿಸೋಡ್ ಮೊಬೈಲಿಗೆ ಬರ್ತಾವ, ದೊಡ್ಡ ಸೌಂಡಿನ ಹುಚ್ಚು ಇದ್ರ ಅಷ್ಟ ಹೋಗು.

ಇನ್ನ ನಿಮ್ಮ ತಮ್ಮ. ಪಾಪ, ಅಂವಂದು ತಪ್ಪಿಲ್ಲ. ಇನ್ಫಿನಿಟಿ ಕ್ಯಾಸಲ್ ರೀಕ್ಯಾಪ್ ಅಲ್ಲ, ಸೀರೀಸ್ ಎಲ್ಲಿ ನಿಂತಿತ್ತೊ ಅಲ್ಲಿಂದ ಮುಂದ, ಎಲ್ಲಾರೂ ಕೋಟೆಯೊಳಗ ಬೀಳಾಕತ್ತಿರ್ತಾರ, ಅಲ್ಲಿಂದನ ಸಿನಿಮಾ ಶುರು. ಯಾರು, ಯಾಕ, ಎಲ್ಲಿ ಬೀಳಾಕತ್ತಾರ ಅನ್ನೂದನ್ನ ನಿಂತು ಹೇಳೂ ವ್ಯವಧಾನ ಅದಕ್ಕಿಲ್ಲ. ಮುಗೆನ್ ಟ್ರೇನ್ ಸುದ್ದಿಯೊಳಗ ಇಬ್ರೂ ಅರ್ಧರ್ಧ ಖರೆ, ಆದ್ರ ಉಲ್ಟಾ. 2020ರ ಸಿನಿಮಾ ಹೊಸ ಕಥಿ, ಮೊದಲ ಸೀಸನ್ 26 ಎಪಿಸೋಡ್ ಆದ ಮ್ಯಾಲಿಂದು. 2021ರಾಗ ಆ ಸಿನಿಮಾನ್ನ ಕತ್ತರಿಸಿ ಟಿವಿಗೆ 7 ಎಪಿಸೋಡ್ ಮಾಡಿದ್ರು, ಮೊದಲಿಂದು ಒಂದು ಹೊಸದು. ಅಂದ್ರ ಇಲ್ಲಿ ಸಿನಿಮಾ ಸೀರೀಸ್ ಆಗೈತಿ. ಎರಡರಾಗ ಒಂದು ನೋಡಿದ್ರ ಸಾಕು, ಎರಡೂ ಬಿಟ್ರ ಮುಂದಿಂದು ತಿಳೀದಿಲ್ಲ. ಅಂವಗ ಮೊದಲ ಸೀಸನ್‌ನಿಂದ ಹಚ್ಚಿ ಕೊಡು, ಹಿಂದಿ ಡಬ್ಬಿಂಗ್ ಐತಿ, ತಮಿಳು ತೆಲುಗು ಐತಿ, ಕನ್ನಡ ಇಲ್ಲ, ಈ ಬಗ್ಗೆ ನನಗಿರೂ ಸಿಟ್ಟು ಇನ್ನೊಂದು ಉತ್ತರ ಆಗೂವಷ್ಟೈತಿ, ಬಿಡು.

ಒಂದ ಒಂದು ಕೆಲಸ ಮಾಡು, ಅಂವಗ ಹತ್ತು ನಿಮಿಷದಾಗ ಪೂರ್ತಿ ಕಥಿ ಅಂತ ಹಿಂದಿಯೊಳಗ ಒದರೂ ವಿಡಿಯೋ ತೋರಿಸಬ್ಯಾಡ. ರೀಕ್ಯಾಪ್ ಸಿನಿಮಾದಾಗ ಕಡಿಮಿ ಅಂದ್ರ ದನಿ, ಹಾಡು, ಚಿತ್ರ ಮೂಲದ್ದು ಇರ್ತೈತಿ, ಕತ್ತರಿ ಹಿಡದಾವ ಸೀರೀಸ್ ಮಾಡಿದವ್ರ ಪೈಕಿನ ಇರ್ತಾನ. ಅದರಾಗ ಅದೂ ಇಲ್ಲ, ಹೆಸರೂ ಬರೋಬ್ಬರಿ ಹೇಳಂಗಿಲ್ಲ, ನಾಯಕಗ ಈ ಹುಡುಗಾ ಅಂತಾರ, ವಿಲನ್‌ಗೆ ಈ ಮನಷ್ಯಾ ಅಂತಾರ.

ಮತ್ತ ನೀ ಪರೀಕ್ಷಾ ಮುಗಿಸಿ ಟೈಟನ್ ಹಚ್ಚಿದಾಗ ಮೂರನೇ ಸೀಸನ್‌ನ ಎರಡನೇ ಭಾಗ, 50ರಿಂದ 59, ಹತ್ತು ಎಪಿಸೋಡ್, ಅವನ್ನ ರಾತ್ರಿ ಊಟ ಆದ ಮ್ಯಾಲ ಶುರು ಮಾಡಬ್ಯಾಡ. ನಾ ಹನ್ನೊಂದು ಗಂಟೆಕ್ಕ ಒಂದ ನೋಡಿ ಮಲಗ್ತೀನಿ ಅಂತ ಹಚ್ಚಿದ್ದೆ, ಹಾಲಿನಾಂವ ಬಂದು ಬಾಗಲ ಬಡದಾಗ ಎದ್ದೆ, ಆ ದಿನ ಕೊಡಬೇಕಾಗಿದ್ದ ಒಂದು ಕುಬಸದ ವಿಡಿಯೋ ಇನ್ನ ಹಂಗ ಬಿದ್ದಿತ್ತು.